ಅನುಮೋದಿಸಿದವರು: ಡಿಂಪ್ನಾ ಗೆರಟಿ

ಕುದಿಯುವ ಹಿಟ್ಟಿನ ಅಂಟಿನ ವಾಸನೆ ಮೂಗಿಗೆ ಬಡಿದರೆ ಡಿಂಪ್ನಾ ಗೆರಟಿಗೆ ಈಗಲೂ ಚುನಾವಣೆ ಬಂತು ಅನ್ನಿಸುತ್ತಿತ್ತು. ಅವಳು ಏಳು ವರ್ಷದವಳಿದ್ದಾಗ ಅವಳ ಅಪ್ಪ ಅಡುಗೆಮನೆಯ ಒಲೆಯ ಮೇಲೆ ತಗಡಿನ ಬಕೆಟ್ ಇಟ್ಟು, ಹಿಟ್ಟು ನೀರು ಸುರಿದು, ಗಂಟು ಕಟ್ಟದ ಹಾಗೆ ಮರದ ಕೋಲಿನಿಂದ ತಿರುವುತ್ತಾ ನಿಲ್ಲುತ್ತಿದ್ದ. ತುಸು ಹುಳಿ, ತುಸು ಸೀದ ವಾಸನೆ. ಹಸಿವನ್ನೂ ವಾಕರಿಕೆಯನ್ನೂ ಒಟ್ಟಿಗೇ ಎಬ್ಬಿಸುವಂಥದ್ದು. ಆ ಅಂಟಿನಲ್ಲಿ ಊರಿನ ಗೋಡೆಗಳಿಗೆಲ್ಲ ಅಪ್ಪ ತನ್ನ ಪಕ್ಷದ ಪೋಸ್ಟರ್ ಮೆತ್ತುತ್ತಿದ್ದ.

ಒಂದು ಸಲ ಎದುರು ಪಕ್ಷದ ಇಬ್ಬರು ಖಾಲಿ ಬಕೆಟ್ ಹಿಡಿದು ಗೇಟಿನ ಹತ್ತಿರ ಬಂದು ನಿಂತರು. ಅವರ ಅಂಟೆಲ್ಲ ಗಂಟಾಗಿ ಹೋಗಿತ್ತಂತೆ. ಆ ಕಾಲಕ್ಕೆ ಎರಡು ಪಕ್ಷದವರು ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿರಲಿಲ್ಲ; ಅಜ್ಜಂದಿರ ಕಾಲದಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು. ಅಪ್ಪ ಮಾತಾಡದೆ ಅರ್ಧ ಬಕೆಟ್ ಅಂಟು ಸುರಿದುಕೊಟ್ಟ.

"ನಿಮಗೆ ತಲೆ ಕೆಟ್ಟಿದ್ಯಾ?" ಎಂದಳು ಅಮ್ಮ.

"ಅವರ ಪೋಸ್ಟರ್ ಗೋಡೆ ಮೇಲೆ ನಿಲ್ಲದೇ ಇದ್ರೆ ನಾವು ಗೆದ್ದಿದ್ದಕ್ಕೇನು ಬೆಲೆ ಬಂತು?" ಎಂದ ಅಪ್ಪ.

ಡಿಂಪ್ನಾಗೆ ಈಗ ಎಪ್ಪತ್ತೊಂದು. ಮೂವತ್ತಾರು ವರ್ಷ ಕಿಲ್‌ಡೆರಿನ್‌ನ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಳಾದ ಮೇಲೆ ಯಾವ ಪಕ್ಷಕ್ಕೂ ಸೇರದೆ, ಜಿಲ್ಲೆಯ ಆಡಳಿತ ನೋಡುವ ಕೌಂಟಿ ಕೌನ್ಸಿಲ್‌ಗೆ ನಿಂತು ಎರಡು ಸಲ ಗೆದ್ದಿದ್ದಳು. ದೊಡ್ಡ ಮಾತು ಅವಳದ್ದಲ್ಲ. ಬಸ್ ನಿಲ್ದಾಣಕ್ಕೊಂದು ಸೂರು, ಸ್ಮಶಾನದ ದಾರಿಗೊಂದು ದೀಪ, ಇಂಥವನ್ನು ಹಟ ಹಿಡಿದು ಮಾಡಿಸುತ್ತಿದ್ದಳು. ಸಭೆಯಲ್ಲಿ ಅವಳು ಇನ್ನೊಂದಕ್ಕೂ ಹೆಸರಾಗಿದ್ದಳು. ಯಾರಾದರೂ ಸೂಚನೆ ಮಂಡಿಸಿ, ಅನುಮೋದಿಸುವವರಿಲ್ಲದೆ ಪೆಚ್ಚಾಗಿ ನಿಂತರೆ ಡಿಂಪ್ನಾಳ ಕೈ ಮೇಲೇಳುತ್ತಿತ್ತು. ಒಪ್ಪಿಗೆ ಇದೆಯೆಂದಲ್ಲ, ಮಾತು ಶುರುವಾಗಲಿ ಎಂದು. ಒಬ್ಬ ಮನುಷ್ಯ ಹಾಗೆ ಒಂಟಿಯಾಗಿ ನಿಂತಿರುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ.

ಆ ಶರತ್ಕಾಲದಲ್ಲಿ ಊರಿನ ತುಂಬ ಒಂದೇ ಮಾತು: ಫಿಂಟನ್ ಮಲ್‌ಹರ್ನ್ ರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲುತ್ತಾನಂತೆ. ರಾಷ್ಟ್ರಪತಿಗೆ ಅಧಿಕಾರವೇನೂ ಹೆಚ್ಚಿಲ್ಲ. ಮಸೂದೆಗಳಿಗೆ ಸಹಿ ಹಾಕಬೇಕು, ನೂರು ತುಂಬಿದವರಿಗೆ ಕಾಗದ ಬರೆಯಬೇಕು, ಹೊರದೇಶದವರು ಬಂದರೆ ಕೈ ಕುಲುಕಬೇಕು. ಅದಕ್ಕೇ ಜನ ಆ ಕುರ್ಚಿಗಾಗಿ ಅಷ್ಟು ಜಗಳವಾಡುತ್ತಿದ್ದರು. ಕೆಲಸ ನೋಡಿ ಅಳೆಯಲಾಗದ ಕಡೆ ಮನುಷ್ಯನನ್ನೇ ಅಳೆಯಬೇಕಲ್ಲ.

ಮಲ್‌ಹರ್ನ್‌ನನ್ನು ಅಳೆಯಲು ಕಿಲ್‌ಡೆರಿನ್‌ನವರಿಗೆ ಬೇರೆಯವರ ಅಳತೆಗೋಲು ಬೇಕಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಆರೋಗ್ಯ ಮಂಡಳಿಯ ಮುಖ್ಯಸ್ಥನಾಗಿದ್ದಾಗ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿಸಿದವನು ಅವನೇ. ಆಮೇಲೆ ಡಬ್ಲಿನ್‌ಗೆ ಹೋದ, ದೊಡ್ಡವನಾದ, ಬೀದಿಯಲ್ಲಿ ಮಲಗುವವರಿಗೆ ಮನೆಗಳನ್ನು ಕಟ್ಟಿಸಿದ, ಟೀವಿಯಲ್ಲಿ ಮೃದುವಾಗಿ ಮಾತಾಡಿದ. ಮಾಂಸದಂಗಡಿಯ ಸಾಲಿನಲ್ಲಿ ನಿಂತರೆ ಎರಡೂ ಬಗೆಯ ಮಾತು ಕೇಳಬಹುದಿತ್ತು.

"ಮನುಷ್ಯ ಬದಲಾಗಲ್ವೇನ್ರೀ? ಸಾವಿರಾರು ಜನಕ್ಕೆ ಸೂರು ಕೊಟ್ಟಿದಾನೆ."

"ಕೊಟ್ಟಿದಾನೆ, ಡಬ್ಲಿನ್‌ನೋರಿಗೆ. ನಮ್ಮ ಹೆಂಗಸರಿಗೆ ಕೊಟ್ಟಿದ್ದು ರಸ್ತೆ ಬದಿ."

ರಸ್ತೆ ಬದಿ ಎಂದವನು ಒಡನೆ ಹಿಂದೆ ತಿರುಗಿ, ಊನಾ ಕಾರ್ಬರಿ ಸಾಲಿನಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡ. ಊರಿನಲ್ಲಿ ಆ ಮಾತಾಡುವಾಗ ಎಲ್ಲರೂ ಹಾಗೆ ತಿರುಗಿ ನೋಡುತ್ತಿದ್ದರು. ವಾರ್ಡು ಮುಚ್ಚಿದ ಮೊದಲ ಚಳಿಗಾಲದಲ್ಲಿ ಊನಾಗೆ ಏಳನೇ ತಿಂಗಳಿಗೇ ನೋವು ಬಂದು, ನಲವತ್ತೆರಡು ಮೈಲಿ ದೂರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಂಬುಲೆನ್ಸಿನೊಳಗೇ ಹೆರಿಗೆಯಾಗಿತ್ತು. ಗಂಡುಮಗು. ನಲವತ್ತು ನಿಮಿಷ ಬದುಕಿತ್ತು. ಓವನ್ ಎಂದು ಹೆಸರಿಟ್ಟಿದ್ದರು. ಊನಾ ಡಿಂಪ್ನಾಳ ಕಾಲೇಜಿನ ಗೆಳತಿ, ಆಮೇಲೆ ಅದೇ ಶಾಲೆಯ ಪಕ್ಕದ ತರಗತಿಯ ಟೀಚರ್. ಮಣ್ಣು ಮಾಡುವಾಗ ಓವನ್‌ಗೆ ತೊಡಿಸಿದ ಬಿಳಿ ಅಂಗಿಯನ್ನು ಒಂದೇ ಮಧ್ಯಾಹ್ನದಲ್ಲಿ ಹೆಣೆದದ್ದು ಡಿಂಪ್ನಾ.

ರಾಷ್ಟ್ರಪತಿ ಚುನಾವಣೆಗೆ ನಿಲ್ಲಬೇಕಾದರೆ ಪಾರ್ಲಿಮೆಂಟಿನ ಇಪ್ಪತ್ತು ಜನ ಹೆಸರು ಸೂಚಿಸಬೇಕು. ಇಲ್ಲವೇ ನಾಲ್ಕು ಕೌನ್ಸಿಲ್‌ಗಳು ಸೂಚಿಸಬೇಕು. ಮಲ್‌ಹರ್ನ್‌ಗೆ ಮೂರು ಕೌನ್ಸಿಲ್ ಸಿಕ್ಕಿದ್ದವು. ನಾಲ್ಕನೆಯದಕ್ಕೆ ಅವನು ಬಂದದ್ದು ಇಲ್ಲಿಗೇ, ಸೆಪ್ಟೆಂಬರಿನ ಒಂದು ಸೋಮವಾರ.

ಸಭೆ ಎಂದಿನಂತೆ ಸಂತಾಪ ಸೂಚನೆಗಳಿಂದ ಶುರುವಾಯಿತು. ಆ ತಿಂಗಳು ತೀರಿಕೊಂಡವರ ಹೆಸರುಗಳನ್ನು ಒಬ್ಬೊಬ್ಬರೇ ಎದ್ದು ಹೇಳುವುದು, ಇನ್ನೊಬ್ಬರು ಅನುಮೋದಿಸುವುದು, ಎಲ್ಲರೂ ತಲೆ ತಗ್ಗಿಸುವುದು. ಅವತ್ತು ಹನ್ನೊಂದು ಸಾವು. ಹನ್ನೊಂದಕ್ಕೂ ಡಿಂಪ್ನಾ "ಅನುಮೋದಿಸ್ತೀನಿ" ಎಂದಿದ್ದಳು. ಆಮೇಲೆ ಮಲ್‌ಹರ್ನ್‌ನನ್ನು ಒಳಗೆ ಕರೆದರು.

ಅವನು ಮುದುಕನಾಗಿದ್ದ. ಟೀವಿಯಲ್ಲಿ ಕಾಣುವುದಕ್ಕಿಂತ ಕುಳ್ಳಗಿದ್ದ. ಕೊಟ್ಟ ಹತ್ತು ನಿಮಿಷ ಮಾತಾಡಿದ. ವಾರ್ಡಿನ ಬಗ್ಗೆ ಒಂದೇ ವಾಕ್ಯ ಹೇಳಿದ: "ಅವತ್ತು ನಾನು ಲೆಕ್ಕದ ಕಾಗದ ನೋಡಿದೆ, ಜನರನ್ನ ನೋಡಲಿಲ್ಲ." ಎದುರಿನ ಲೋಟದಲ್ಲಿ ನೀರಿರಲಿಲ್ಲ ಎನ್ನುವುದನ್ನು ಡಿಂಪ್ನಾ ಗಮನಿಸಿದಳು. ಒಳಗೆ ಬಂದ ಮನುಷ್ಯನಿಗೆ ಒಂದು ಟೀ ಬೇಕೇ ಎಂದು ಯಾರೂ ಕೇಳಿರಲಿಲ್ಲ. ಅದು ಅವಳಿಗೆ ಕಷ್ಟವಾಯಿತು.

ಕಾಹಲ್ ಪ್ರಂಟಿ ಎಂಬ ಯುವ ಸದಸ್ಯ ಎದ್ದು, "ಶ್ರೀ ಮಲ್‌ಹರ್ನ್ ಅವರ ಹೆಸರನ್ನ ಸೂಚಿಸ್ತೀನಿ," ಎಂದ.

"ಅನುಮೋದಿಸೋರು?" ಎಂದರು ಸಭಾಪತಿ.

ಯಾರೂ ಬಾಯಿ ಬಿಡಲಿಲ್ಲ. ಒಬ್ಬರು ಕನ್ನಡಕ ಒರೆಸಿದರು. ಒಬ್ಬರು ಫೋನು ತಿರುಗಿಸಿ ತಿರುಗಿಸಿ ನೋಡಿದರು. ರೇಡಿಯೇಟರಿನೊಳಗೆ ನೀರು ಗುಳುಗುಳು ಎಂದಿತು. ಮಲ್‌ಹರ್ನ್ ಕೂರಬೇಕೋ ನಿಲ್ಲಬೇಕೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ಅನುಮೋದಿಸ್ತೀನಿ," ಎಂಬ ಮಾತು ಡಿಂಪ್ನಾಗೆ ತನ್ನ ಧ್ವನಿಯಲ್ಲೇ ಕೇಳಿಸಿತು.

ಇನ್ನು ಚರ್ಚೆಯಾಗುತ್ತದೆ, ಯಾರಾದರೂ ವಿರೋಧಿಸುತ್ತಾರೆ, ಕೈ ಎತ್ತಿಸಿ ಎಣಿಸುತ್ತಾರೆ, ಆಗ ತಾನೂ ಬೇಡ ಎಂದರಾಯಿತು ಎಂದು ಅವಳು ಕಾದಳು. ಆದರೆ ಉಳಿದವರಿಗೆ ತಮ್ಮದೇ ಲೆಕ್ಕವಿತ್ತು: ವಿರೋಧಿಸಿದವರ ಹೆಸರೂ ದಾಖಲಾಗುತ್ತದಲ್ಲ! ನಾಳೆ ಅವನು ಗೆದ್ದುಬಿಟ್ಟರೆ? ಇಪ್ಪತ್ತಾರು ಜನರೂ ಮೇಜು ನೋಡುತ್ತಾ ಕೂತರು.

"ವಿರೋಧ ಇಲ್ಲ ಅಂದ್ಮೇಲೆ ಎಲ್ಲರಿಗೂ ಒಪ್ಪಿಗೆ. ಮುಂದಿನ ವಿಷಯ, ಸೇತುವೆ ರಿಪೇರಿ," ಎಂದರು ಸಭಾಪತಿ. ಅಷ್ಟೇ. ಡಿಂಪ್ನಾ ಬಾಯಿ ಪೂರ್ತಿ ತೆರೆಯುವುದರೊಳಗೆ ಮುಗಿದುಹೋಗಿತ್ತು.

ಗುರುವಾರದ ಊರಿನ ಪತ್ರಿಕೆಯಲ್ಲಿ ಎರಡೇ ಹೆಸರು ಅಚ್ಚಾಗಿದ್ದವು. ಸೂಚಿಸಿದವರು: ಕಾಹಲ್ ಪ್ರಂಟಿ. ಅನುಮೋದಿಸಿದವರು: ಡಿಂಪ್ನಾ ಗೆರಟಿ. ಸುಮ್ಮನೆ ಕೂತಿದ್ದವರೆಲ್ಲ ಕೈ ತೊಳೆದುಕೊಂಡು ಊರೆಲ್ಲ ಓಡಾಡುತ್ತಿದ್ದರು.

ಮಾಂಸದಂಗಡಿಯಲ್ಲಿ ಅವಳು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಅಂಗಡಿಯ ಡೆಕ್ಲನ್, ಮೂರನೇ ತರಗತಿಯಲ್ಲಿ ಅವಳ ಹತ್ತಿರವೇ ಮಗ್ಗಿ ಕಲಿತವನು, ಮಾಂಸ ಕಟ್ಟುತ್ತಾ, "ಏನ್ ಟೀಚರ್, ರಾಷ್ಟ್ರಪತಿ ಭವನಕ್ಕೆ ಊಟಕ್ಕೆ ಕರೆದ್ರೆ ನಮ್ಮನ್ನ ಮರೀಬೇಡಿ," ಎಂದ. ಸಾಲಿನಲ್ಲಿ ಯಾರೋ ನಕ್ಕರು. ಬೈಗುಳಕ್ಕಿಂತ ಅವಳಿಗೆ ಕಷ್ಟವಾದದ್ದು ಹೊಗಳಿಕೆ. ಅಂಚೆ ಕಚೇರಿಯ ಹತ್ತಿರ ಒಬ್ಬರು ಕೈ ಹಿಡಿದು ಕುಲುಕಿ, "ಧೈರ್ಯ ಅಂದ್ರೆ ಅದು! ಹಳೇ ಕತೆ ಹಿಡ್ಕೊಂಡು ಅಳೋರಿಗೆ ಸರಿಯಾದ ಉತ್ತರ ಕೊಟ್ರಿ," ಎಂದರು. ಡಿಂಪ್ನಾ ಕೈ ಬಿಡಿಸಿಕೊಂಡು ಮನೆಗೆ ಬಂದು, ಕೋಟೂ ತೆಗೆಯದೆ ಮೆಟ್ಟಿಲ ಮೇಲೆ ಕೂತಳು.

ಸ್ಥಳೀಯ ರೇಡಿಯೋದವರು ಫೋನ್ ಮಾಡಿದರು. ಏನು ಹೇಳಬೇಕೆಂದು ಕೌನ್ಸಿಲಿನ ಹಿರಿಯನೊಬ್ಬ ಹೇಳಿಕೊಟ್ಟ: "ಸೂಚಿಸೋದು ಬೇರೆ, ಬೆಂಬಲಿಸೋದು ಬೇರೆ ಅನ್ನಿ. ಜನ ತೀರ್ಮಾನ ಮಾಡ್ಲಿ ಅಂತ ದಾರಿ ಬಿಟ್ಕೊಟ್ಟೆ ಅನ್ನಿ. ಯಾರಿಗೂ ಎದುರಾಡೋಕಾಗಲ್ಲ." ಅವಳು ಹಾಗೆಯೇ ಹೇಳಿದಳು. ಮಾತು ಚೆನ್ನಾಗಿತ್ತು. ಬಹುಶಃ ನಿಜವೂ ಆಗಿತ್ತು. ಆದರೆ ಅದು ಅವಳದ್ದಾಗಿರಲಿಲ್ಲ. ಬೇರೆಯವರ ಕೋಟು ತೊಟ್ಟು ಬೀದಿಗೆ ಹೋದ ಹಾಗಿತ್ತು.

ಭಾನುವಾರ ಚರ್ಚಿನಲ್ಲಿ ಊನಾ ಅವಳ ಬೆಂಚಿಗೆ ಬರಲಿಲ್ಲ. ಮೂರು ಸಾಲು ಹಿಂದೆ ಕೂತಳು. ಶಾಂತಿ ಕೋರಿ ಕೈ ಕುಲುಕುವ ಹೊತ್ತಿಗೆ ಡಿಂಪ್ನಾ ಹಿಂದೆ ತಿರುಗಿದಳು. ಊನಾ ಬೇರೆ ಯಾರದೋ ಕೈ ಹಿಡಿದಿದ್ದಳು.

ಡಿಂಪ್ನಾ ಮರುದಿನ ಬೆಳಿಗ್ಗೆ ಊನಾಳ ಮನೆಗೆ ಹೋದಳು. ಹಿಂಬಾಗಿಲು ಎಂದಿನಂತೆ ತೆರೆದೇ ಇತ್ತು. ಊನಾ ಮೇಜಿನ ಬಳಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ರೇಡಿಯೋದಲ್ಲಿ ಚೆನ್ನಾಗಿ ಮಾತಾಡಿದೆ," ಎಂದಳು ತಲೆ ಎತ್ತದೆ. "ಭಾಷಣದ ಸ್ಪರ್ಧೆ ಆಗಿದ್ರೆ ಬಹುಮಾನ ಕೊಡ್ತಿದ್ರು."

"ಊನಾ, ಅದು ನಿಜ ಅಲ್ಲ ಕಣೇ."

"ಯಾವುದು?"

"ಜನ ತೀರ್ಮಾನ ಮಾಡ್ಲಿ ಅಂತ ನಾನು ಮಾಡಿದ್ದಲ್ಲ. ಅವನು ಒಬ್ಬನೇ ನಿಂತಿದ್ದ. ಯಾರೂ ಬಾಯಿ ಬಿಡ್ಲಿಲ್ಲ. ಅವನ ಲೋಟದಲ್ಲಿ ನೀರೂ ಇರ್ಲಿಲ್ಲ. ಅಯ್ಯೋ ಅನ್ನಿಸ್ತು. ಬಾಯಿಂದ ಬಂದುಬಿಡ್ತು."

ಊನಾ ಚಾಕು ಕೆಳಗಿಟ್ಟಳು. "ಅವನ ಲೋಟದಲ್ಲಿ ನೀರಿರ್ಲಿಲ್ವಾ?"

ಡಿಂಪ್ನಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು.

"ನಾನು ಮೂರು ಕಾಗದ ಬರೆದೆ ಅವನಿಗೆ," ಎಂದಳು ಊನಾ. "ನಿನ್ನ ಟೈಪ್‌ರೈಟರಿನಲ್ಲೇ ಬರೆದಿದ್ದು. ಎರಡು ಸಾಲು ಉತ್ತರ ಬಂತು, ಅದೂ ಅವನ ಗುಮಾಸ್ತೆ ಸಹಿ ಹಾಕಿದ್ದು. ಒಂದು ಮಾತು ಕೇಳ್ತೀನಿ, ನಿಜ ಹೇಳು. ನೀನು ಕೈ ಎತ್ತಿದಾಗ ಓವನ್ ನೆನಪಾಗ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ನೆನಪಾಗಿತ್ತು, ಆದರೂ ಕ್ಷಮಿಸಬೇಕು ಅನ್ನಿಸಿತು ಎಂದರೆ ಅದು ಘನವಾದ ಮಾತಾಗುತ್ತಿತ್ತು. ಆದರೆ ಐವತ್ತು ವರ್ಷದ ಗೆಳತಿಯ ಎದುರಿಗೆ ಇನ್ನೊಬ್ಬರ ಕೋಟು ತೊಡಲು ಅವಳಿಗೆ ಮನಸ್ಸಾಗಲಿಲ್ಲ.

"ಇಲ್ಲ," ಎಂದಳು. "ಆ ಹೊತ್ತಿನಲ್ಲಿ ನೆನಪಾಗ್ಲಿಲ್ಲ. ಮೆಟ್ಟಿಲಿಳಿದು ಕಾರಿನ ಹತ್ರ ಬಂದಾಗ ನೆನಪಾಯ್ತು. ಅಲ್ಲೇ ನಿಂತುಬಿಟ್ಟೆ."

ಊನಾ ಸಿಪ್ಪೆಗಳನ್ನೆಲ್ಲ ಒಟ್ಟುಮಾಡಿ ಬುಟ್ಟಿಗೆ ಹಾಕಿದಳು. "ಊರಿನೋರೆಲ್ಲ ಮರೀಲಿ, ನಂಗೇನೂ ಇಲ್ಲ," ಎಂದಳು ಕೊನೆಗೆ. "ಆ ಅಂಗಿ ಹೆಣೆದೋಳು ನೀನು. ಈಗ ಹೋಗು ಡಿಂಪ್ನಾ."

ಆಮೇಲಿನ ನಾಲ್ಕು ವಾರ ದೇಶವೆಲ್ಲ ಮಲ್‌ಹರ್ನ್‌ನ ಬಗ್ಗೆ ಮಾತಾಡಿತು. ದೀಪದ ಕಂಬಗಳ ಮೇಲೆ ಅವನ ಮುಖ ಹತ್ತಿತು. ಕಿಲ್‌ಡೆರಿನ್‌ನಲ್ಲಿ ಹತ್ತಿದ ಮುಖಗಳನ್ನು ಯಾರೋ ಬೆಳಗಾಗುವುದರೊಳಗೆ ಇಳಿಸುತ್ತಿದ್ದರು, ಇನ್ಯಾರೋ ಮತ್ತೆ ಏರಿಸುತ್ತಿದ್ದರು. ಸಮೀಕ್ಷೆಯವರು ಮೊದಲು ಅವನಿಗೆ ಎರಡನೇ ಸ್ಥಾನ ಅಂದರು, ಆಮೇಲೆ ಮೊದಲನೆಯದು ಅಂದರು, ಕೊನೆಯ ವಾರ ಏನೂ ಹೇಳಲಾಗದು ಅಂದರು. ಡಿಂಪ್ನಾ ರೇಡಿಯೋ ಹಚ್ಚುವುದನ್ನೇ ಬಿಟ್ಟಳು. ಬಾಗಿಲಲ್ಲಿ ನಿಂತು ಬೈದವರಿಗೆ "ನೀವು ಹೇಳೋದು ಸರಿ" ಎನ್ನುತ್ತಿದ್ದಳು. ಒಂದು ಸಂಜೆ ಅವಳ ಗೇಟಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಕೆಟ್ಟ ಮಾತು ಬರೆದು ಹೋಗಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಮಾಂಸದಂಗಡಿಯ ಡೆಕ್ಲನ್ ಬಕೆಟ್ ಹಿಡಿದು ಉಜ್ಜುತ್ತಿದ್ದ.

"ನಾನು ಬರೆದಿದ್ದಲ್ಲ ಟೀಚರ್," ಎಂದ ಅವಳ ಮುಖ ನೋಡದೆ. "ನಾನೇ ಬರೆದಿದ್ರೆ ಇಷ್ಟು ಕೆಟ್ಟ ಅಕ್ಷರ ಇರ್ತಿತ್ತಾ?"

"ನಿನ್ನ ಅಕ್ಷರ ಇದಕ್ಕಿಂತ ಕೆಟ್ಟದಾಗಿತ್ತು ಕಣೋ," ಎಂದಳು ಅವಳು. ವಾರಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮತದಾನ ಶುಕ್ರವಾರ. ಪ್ರತಿ ಚುನಾವಣೆಗೂ ಡಿಂಪ್ನಾ ಸಂಜೆ ನಾಲ್ಕಕ್ಕೆ ಊನಾಳ ಗೇಟಿನ ಮುಂದೆ ಕಾರು ನಿಲ್ಲಿಸುವುದು, ಇಬ್ಬರೂ ಕೂಡಿ ತಮ್ಮ ಹಳೇ ಶಾಲೆಗೆ ಹೋಗಿ ವೋಟು ಹಾಕುವುದು ವಾಡಿಕೆ. ಊನಾಗೆ ಕಣ್ಣಿನ ತೊಂದರೆ, ಕಾರು ಓಡಿಸುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಇಂದು ಹೋಗಬೇಕೋ ಬೇಡವೋ? ಹೋದರೆ ಬಲವಂತ ಮಾಡಿದ ಹಾಗೆ. ಹೋಗದಿದ್ದರೆ ಊನಾ ಒಂದೂವರೆ ಮೈಲಿ ನಡೆಯಬೇಕು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವಳು ಹೋಗಿ ಕಾರು ನಿಲ್ಲಿಸಿದಳು. ಹಾರ್ನ್ ಮಾಡಲಿಲ್ಲ. ಬಾಗಿಲು ತೆರೆಯದಿದ್ದರೆ ನಾಲ್ಕೂವರೆಗೆ ಹೊರಟುಹೋಗುವುದೆಂದು ತೀರ್ಮಾನಿಸಿದಳು.

ನಾಲ್ಕು ಗಂಟೆಗೆ ಸರಿಯಾಗಿ ಊನಾ ಹೊರಗೆ ಬಂದಳು. ಒಳ್ಳೆಯ ನೀಲಿ ಕೋಟು ತೊಟ್ಟಿದ್ದಳು. ನೇರವಾಗಿ ಬಂದು, ಹಿಂದಿನ ಬಾಗಿಲು ತೆಗೆದು, ಬಾಡಿಗೆ ಕಾರಿನಲ್ಲಿ ಕೂರುವ ಹಾಗೆ ಹಿಂದಿನ ಸೀಟಿನಲ್ಲಿ ಕೂತಳು.

"ಶಾಲೆಗೆ," ಎಂದಳು.

ಡಿಂಪ್ನಾ ಕನ್ನಡಿಯಲ್ಲಿ ನೋಡಿದಾಗ ಊನಾ ಕಿಟಕಿಯಾಚೆ ಕಂಬಗಳನ್ನು ನೋಡುತ್ತಿದ್ದಳು. ಒಂದು ಕಂಬ ಬಿಟ್ಟು ಒಂದು ಕಂಬದಲ್ಲಿ ಅವನು ನಗುತ್ತಿದ್ದ.

ಪುಟ್ಟ ಮಕ್ಕಳ ತರಗತಿಯಲ್ಲಿ, ಹಬ್ಬಕ್ಕೆಂದು ಗೋಡೆಗೆ ಅಂಟಿಸಿದ ಕಾಗದದ ಕುಂಬಳಕಾಯಿಗಳ ಕೆಳಗೆ, ಮತಪೆಟ್ಟಿಗೆ ಇಟ್ಟಿದ್ದರು. ಇಬ್ಬರ ಹೆಸರಿಗೂ ಗುರುತು ಹಾಕಿ ಚೀಟಿ ಕೊಟ್ಟರು. ಚೀಟಿಯಲ್ಲಿ ಐದು ಜನ, ಐವರದ್ದೂ ಫೋಟೋ. ಇಷ್ಟವಾದವರಿಗೆ ಒಂದು, ಆಮೇಲಿನವರಿಗೆ ಎರಡು, ಮೂರು ಎಂದು ಬರೆಯುತ್ತಾ ಹೋಗಬೇಕು. ಡಿಂಪ್ನಾ ಅರ್ಧ ನಿಮಿಷದಲ್ಲಿ ಮುಗಿಸಿ ಹೊರಗೆ ಬಂದಳು. ಊನಾ ಬರಲಿಲ್ಲ. ಐದು ನಿಮಿಷವಾಯಿತು. ಹತ್ತಾಯಿತು. ಒಳಗಿನ ಅಧಿಕಾರಿ ಇಣುಕಿ ನೋಡಿ, "ಅಮ್ಮ, ಚೆನ್ನಾಗಿದೀರಾ?" ಎಂದದ್ದು ಕೇಳಿಸಿತು. "ಚೆನ್ನಾಗಿದೀನಿ. ಆತುರ ಇದ್ರೆ ನೀವು ಹೋಗಿ," ಎಂದ ಊನಾಳ ಟೀಚರ್ ಧ್ವನಿಯೂ ಕೇಳಿಸಿತು.

ಊನಾ ಹೊರಗೆ ಬಂದಾಗ ಮಬ್ಬುಗತ್ತಲಾಗುತ್ತಿತ್ತು. ಅವಳು ಕಾರಿನ ಹಿಂದಿನ ಬಾಗಿಲ ಬಳಿ ನಿಂತು, ಆಮೇಲೆ ಮುಂದೆ ಬಂದು ಡಿಂಪ್ನಾಳ ಪಕ್ಕದಲ್ಲಿ ಕೂತಳು.

"ಚೀಟಿಯಲ್ಲಿ ಅವನ ಫೋಟೋ ಇತ್ತು," ಎಂದಳು. "ನನ್ನ ಹೆಬ್ಬೆರಳಿನಷ್ಟು. ಅಷ್ಟು ಹತ್ತಿರದಿಂದ ಅವನ ಮುಖ ನೋಡೇ ಇರ್ಲಿಲ್ಲ ನಾನು. ನಾಲ್ಕು ಜನಕ್ಕೆ ಬರೆದೆ. ಒಂದು, ಎರಡು, ಮೂರು, ನಾಲ್ಕು. ಆ ಕುದುರೆ ವ್ಯಾಪಾರಿ ಮೂರ್ಖನಿಗೂ ಬರೆದೆ ನೋಡು. ಮಲ್‌ಹರ್ನ್ ಹೆಸರಿನ ಹತ್ರ ಬಂದು ಪೆನ್ಸಿಲ್ ಕೆಳಗಿಟ್ಟೆ. ಆಮೇಲೆ ಸುಮ್ನೆ ನಿಂತೆ."

ಡಿಂಪ್ನಾ ಕಾರು ಶುರುಮಾಡಲಿಲ್ಲ.

"ವಾರ್ಡು ಮುಚ್ಚುವಾಗ ನನ್ನನ್ನ ಯಾರೂ ಕೇಳ್ಲಿಲ್ಲ ಡಿಂಪ್ನಾ. ಆಮೇಲೂ ಕೇಳ್ಲಿಲ್ಲ. ಇವತ್ತು ಪರದೆ ಹಾಕಿ, ಪೆನ್ಸಿಲ್ ಕೊಟ್ಟು, ಇವನು ಬೇಕೇನಮ್ಮಾ ಅಂತ ಕೇಳಿದ್ರು. ಬೇಡ ಅಂದೆ. ಅವನಿಗೆ ಗೊತ್ತಾಗಲ್ಲ ಬಿಡು. ನಾಳೆ ಗೆದ್ರೂ ಗೆಲ್ತಾನೆ. ಆದ್ರೂ ಅಂದೆ."

"ಊನಾ..."

"ನೀನು ರೇಡಿಯೋದಲ್ಲಿ ಹೇಳಿದ್ದು ಸರಿಯಾಯ್ತು ಅಂತ ಅಂದ್ಕೋಬೇಡ. ಅದನ್ನ ನೀನೇ ನಂಬಿರ್ಲಿಲ್ಲ."

"ಇಲ್ಲ. ನಂಬಿರ್ಲಿಲ್ಲ."

"ಹೂಂ." ಊನಾ ಕೈಗವಸು ತೆಗೆದು ಮತ್ತೆ ಹಾಕಿಕೊಂಡಳು. "ಒಳಗೆ ನಿಂತಾಗ ಇನ್ನೊಂದು ಹೊಳೀತು. ಈ ವರ್ಷ ಜನವರಿಯಲ್ಲಿ ಓವನ್ ಹೋದ ದಿನ ಬಂದು ಹೋಯ್ತಲ್ಲ, ಸಂಜೆ ಟೀ ಕುಡಿಯೋವರೆಗೂ ನಂಗೇ ನೆನಪಿರ್ಲಿಲ್ಲ. ನಂಗೇ! ಯಾರಿಗೂ ಹೇಳಿಲ್ಲ ಇದನ್ನ. ನೀನು ಮರೆತೆ ಅಂದಾಗ ಅಷ್ಟು ಸಿಟ್ಟು ಯಾಕೆ ಬಂತೋ."

ಡಿಂಪ್ನಾಳ ಕಣ್ಣಿಗೆ ಮುಂದಿನ ಗಾಜು ಮಸುಕಾಗಿ ಕಂಡಿತು. ಊನಾ ತನ್ನ ತೋಳಿನಿಂದ ಅದನ್ನು ಒಳಗಿನಿಂದ ಒರೆಸಿದಳು, ಗಾಜಿಗೇ ಆವಿ ಹಿಡಿದಿದೆ ಎಂಬಂತೆ.

"ಹೊರಡು ಮಾರಾಯ್ತಿ, ಚಳಿ," ಎಂದಳು.

ಊನಾಳ ಮನೆಯ ಮುಂದೆ ಕಾರು ನಿಂತಿತು. ಊನಾ ಇಳಿದಳು. ಒಳಗೆ ಬಾ ಎನ್ನಲಿಲ್ಲ. ಎರಡು ಹೆಜ್ಜೆ ಹೋಗಿ, "ಇಂಜಿನ್ ಆರಿಸು, ಸುಮ್ನೆ ಯಾಕೆ ಪೆಟ್ರೋಲ್ ಸುಡ್ತೀಯಾ?" ಎಂದು ಒಳಗೆ ಹೋದಳು. ಅಡುಗೆಮನೆಯ ದೀಪ ಹತ್ತಿತು. ಒಲೆಯ ಬಾಗಿಲು ತೆಗೆದ ಸದ್ದು, ತಟ್ಟೆಗಳ ಸದ್ದು. ಪಕ್ಕದ ಮನೆಯವರು ವೋಟು ಹಾಕಿ ಬಂದು, ಕಾರಿನೊಳಗೆ ಕೂತಿದ್ದ ಡಿಂಪ್ನಾಳನ್ನು ನೋಡಿ, ನೋಡದವರಂತೆ ಒಳಗೆ ಹೋದರು.

ಊನಾ ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗೆ ಬಂದಳು. ಕೈಯಲ್ಲಿ ಒಂದು ತಟ್ಟೆ, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ತಟ್ಟೆ, ಎರಡನ್ನೂ ಸುತ್ತಿ ಗಂಟು ಹಾಕಿದ ಒರೆಸುಬಟ್ಟೆ. ಶುಕ್ರವಾರದ ಮೀನು, ಆಲೂಗಡ್ಡೆ. ಡಿಂಪ್ನಾ ಕಿಟಕಿ ಇಳಿಸಿದಳು. ಊನಾ ಬಾಗಿ, ಬಿಸಿ ತಾಗದ ಹಾಗೆ ಬಟ್ಟೆಯ ಅಂಚು ಮಡಿಸಿ, ಅದನ್ನು ಅವಳ ಎರಡು ಕೈಗಳಲ್ಲಿ ಇಟ್ಟಳು.